ಡಾಸ್ ಸಾಕು ಎಂದ ಮಾವ

ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ನಾನು ಬೆರಳಚ್ಚುಗಾರ. ಒಂದು ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಮುಚ್ಚಳ ತೆಗೆದು ಎಳೆದುಹಾಕಿದೆ. ಅಂದಿನಿಂದ ನನ್ನ ಹೆಸರು ‘ಕಂಪ್ಯೂಟರ್ ಭಾನುಪ್ರಕಾಶ್’ ಎಂದಾಯಿತು. ಬೇಡ ಎನ್ನುವಷ್ಟು ದೊಡ್ಡತನ ನನಗಿರಲಿಲ್ಲ.

2008ರಲ್ಲಿ ಅಕ್ಕ ವರಲಕ್ಷ್ಮಿಯ ಮಗಳು ತನುಜ ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಳು. ಎರಡನೇ ವರ್ಷಕ್ಕೆ ಅವಳಿಗೆ ಲ್ಯಾಪ್‌ಟಾಪ್ ಬೇಕಾಯಿತು.

“ನೀನಿರುವಾಗ ಇನ್ನ್ಯಾರನ್ನ ಕೇಳೋದಪ್ಪ?” ಎಂದಳು ಅಕ್ಕ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಳಗಿನ ರೈಲಿನಲ್ಲಿ ಹುಡುಗಿಯನ್ನು ಬೆಂಗಳೂರಿಗೆ ಕರೆದೊಯ್ದೆ.

ಅಂಗಡಿಯಲ್ಲಿ ತನುಜ ಪ್ರತಿ ಲ್ಯಾಪ್‌ಟಾಪಿನ ಪಕ್ಕದ ಚೀಟಿಯನ್ನು ಓದುತ್ತಾ ನಿಂತಳು. ನಾನು ಮಾತ್ರ ಹತ್ತೂ ಬೆರಳಿಟ್ಟು ಕೀಲಿಮಣೆ ಕುಟ್ಟಿ ನೋಡಿದೆ. ನನಗೆ ತಿಳಿದಿದ್ದ ಪರೀಕ್ಷೆ ಅದೊಂದೇ. ಅವಳು ಒಂದನ್ನು ತೋರಿಸಿದಳು. ಅದರ ಕೀಲಿಗಳು ಮೆತ್ತಗಿದ್ದುದರಿಂದ ನಾನೂ ಒಪ್ಪಿದೆ.

“ಇದ್ರಲ್ಲಿ ವಿಂಡೋಸ್ ಇಲ್ಲ ಸಾರ್, ಬರೀ ಡಾಸ್. ಪರವಾಗಿಲ್ವಾ?” ಎಂದು ಅಂಗಡಿಯವರು ಕೇಳಿದರು.

ಹದಿನಾಲ್ಕು ವರ್ಷದ ಹಿಂದೆ ಮೂರು ತಿಂಗಳ ಕೋರ್ಸಿನಲ್ಲಿ, ಆಜ್ಞೆ ಬೆರಳಚ್ಚಿಸಿ ಕಂಪ್ಯೂಟರ್ ನಡೆಸುವ ಆ ಹಳೆಯ ಡಾಸ್ ಕಲಿತವನು ನಾನು. ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಹೇಳಿದೆ: “ಡಾಸ್ ಸಾಕು ಕಣ್ರೀ. ಎಲ್ಲಾದಕ್ಕೂ ತಾಯಿಬೇರು ಅದೇ.”

ಸಂಜೆ ಅಕ್ಕನ ಮನೆಯಲ್ಲಿ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು ಗುಂಡಿ ಒತ್ತಿದೆವು. ಕಪ್ಪು ಪರದೆಯ ಮೇಲೆ ಒಂದು ಸಣ್ಣ ಗೆರೆ ಮಿಣುಕತೊಡಗಿತು. ಎಲ್ಲರೂ ಕಾದರು. ಬೇರೇನೂ ಬರಲಿಲ್ಲ.

“ಬಣ್ಣ ಯಾವಾಗ ಬರ್ತದೆ ಭಾನು?” ಎಂದು ಭಾವ ಹನುಮಂತರಾಯಪ್ಪ ಕೇಳಿದರು.

ನನಗೆ ನೆನಪಿದ್ದದ್ದು ಎರಡೇ ಆಜ್ಞೆ. ಮೊದಲನೆಯದನ್ನು ಹೊಡೆದೆ, ಒಂದಷ್ಟು ಹೆಸರುಗಳ ಪಟ್ಟಿ ಬಂತು. “ನೋಡಿ, ಎಲ್ಲಾ ಇದೆ!” ಎಂದೆ. ಎರಡನೆಯದನ್ನು ಹೊಡೆದೆ; ಆ ಪಟ್ಟಿಯೂ ಅಳಿಸಿಹೋಯಿತು. ಭಾವ ನನ್ನ ಮುಖವನ್ನೇ ನೋಡಿದರು. ನಾನು ನೀರು ಕೇಳಿದೆ.

ಆಗ ತನುಜ ಚೀಲದಿಂದ ಒಂದು ಸಿಡಿ ತೆಗೆದಳು. “ಇದು ಲಿನಕ್ಸ್ ಮಾವ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗೋದು. ಕಾಲೇಜ್ ಲ್ಯಾಬಲ್ಲೂ ಇದೇ ಇರೋದು.”

“ಬೇಡ ಕಣಮ್ಮ, ಕೆಟ್ಟುಹೋಗ್ತದೆ!” ಎಂದು ನಾನು ಎದ್ದು ನಿಂತೆ. ಅವಳು ನಕ್ಕು ಸಿಡಿ ಹಾಕಿದಳು. ಮುಕ್ಕಾಲು ಗಂಟೆಯಲ್ಲಿ ಮಣ್ಣಿನ ಬಣ್ಣದ ಪರದೆ ಬೆಳಗಿತು. ಅವಳು ಒಂದು ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದಳು. ಭಾವನ ಹೆಸರು ಪರದೆಯ ಮೇಲೆ ಹತ್ತು ಸಲ ಬಂತು. ಅವರು ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು.

ನನಗೆ ಕಾಫಿ ಕೊಡಲು ಜಗಲಿಗೆ ಬಂದ ತನುಜಳನ್ನು ಮೆಲ್ಲಗೆ ಕೇಳಿದೆ: “ಬರೀ ಡಾಸ್ ಇದ್ರೆ ಹಿಂಗಾಗ್ತದೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಮಾವ. ವಿಂಡೋಸ್ ಇಲ್ಲದ್ದು ಅಗ್ಗ, ಹೆಂಗೂ ಲಿನಕ್ಸ್ ಹಾಕೋಣ ಅಂತಲೇ ಅದನ್ನ ತೋರಿಸಿದ್ದು.”

“ಅಂಗಡೀಲೇ ಹೇಳಬಾರದಿತ್ತಾ?”

“ಅಷ್ಟು ಜನರ ಮುಂದೆ ನೀವು ಅಷ್ಟು ಜೋರಾಗಿ ಮಾತಾಡ್ತಿದ್ರಿ. ಹೆಂಗೆ ಹೇಳಲಿ?”

ಕಾಫಿ ಬಿಸಿಯಾಗಿತ್ತು. ಆದರೂ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಆ ಯಂತ್ರದಲ್ಲೇ ಅವಳು ಮೂರು ವರ್ಷ ಓದಿದಳು. ಭಾನುವಾರಗಳಂದು ಪಕ್ಕದಲ್ಲಿ ಕೂರಿಸಿಕೊಂಡು ನನಗೂ ಒಂದಿಷ್ಟು ಕಲಿಸಿದಳು. ನನ್ನ ಆಜ್ಞೆಗಳು ಎರಡರಿಂದ ಒಂಬತ್ತಾದವು. ಈ ನಡುವೆ ಒಂದು ದಿನ ಪಕ್ಕದ ಬೀದಿಯ ಆಂಜಿನಮ್ಮ ಬಂದು, ಮೊಮ್ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ ಎಂದು ಕೇಳಿದರು.

ಹಣೆ ನೀವಿಕೊಂಡು, “ಯೋಚನೆ ಮಾಡಿ ನಾಳೆ ಹೇಳ್ತೀನಮ್ಮ” ಎಂದೆ. ಅವರು ತಿರುವು ದಾಟುವವರೆಗೆ ಕಾದು, ಅಕ್ಕನ ಮನೆಯ ಕಡೆ ಸೈಕಲ್ ತುಳಿದೆ.