ಎರಡು ವಿಳಾಸವಿದ್ದೂ ಸಿಗದ ಚಿತ್ರ

ಕೊರೊನಾ ಮುಗಿದ ಮರುವರ್ಷ ನಾನು ಚನ್ನಗಿರಿಯಲ್ಲಿದ್ದೆ. ಹಳ್ಳಿಯ ಜನರ ಕಣ್ಣು ತಪಾಸಣೆ ಮಾಡುವ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಕಂಪ್ಯೂಟರ್ ಮೇಲ್ವಿಚಾರಕನ ಕೆಲಸ. ಆಗ ನನಗೆ ಐವತ್ತಾರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಾಲ್ಕು ಕೇಂದ್ರಗಳು. ಪ್ರತಿ ಕೇಂದ್ರದಲ್ಲೂ ಕಣ್ಣಿನ ಒಳಪರದೆಯ, ಅಂದರೆ ರೆಟಿನಾದ ಚಿತ್ರ ತೆಗೆಯುವ ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್, ಒಬ್ಬ ಆಪರೇಟರ್. ಡಾಕ್ಟರ್ ಮೇಡಂ ಮಾತ್ರ ಒಬ್ಬರೇ. ದಿನಕ್ಕೊಂದು ಊರಿನಂತೆ ಸುತ್ತುತ್ತಿದ್ದರು.

ಒಂದು ಊರಿನ ಕಂಪ್ಯೂಟರ್ ಕೆಟ್ಟರೆ ಚಿತ್ರ ಕಳೆದುಹೋಗಬಾರದೆಂದು ಪ್ರತಿ ಚಿತ್ರದ ಮೂರು ಪ್ರತಿಗಳನ್ನು ಮೂರು ಊರುಗಳಲ್ಲಿ ಇಡುತ್ತಿದ್ದೆವು. ಇಂಥ ಪ್ರತಿಗೆ ರೆಪ್ಲಿಕಾ ಎನ್ನುತ್ತಾರೆ. ಯಾವ ಚಿತ್ರದ ರೆಪ್ಲಿಕಾ ಎಲ್ಲೆಲ್ಲಿದೆ ಎಂದು ಬರೆದಿಡುವ ಪಟ್ಟಿಯೇ ಕ್ಯಾಟಲಾಗ್. ಚಿತ್ರಕ್ಕೆ ಹೆಸರು ಒಂದು, ವಿಳಾಸ ಮೂರು. ಇದರ ಜೊತೆಗೆ ಪ್ರತಿ ಚಿತ್ರಕ್ಕೂ ಚೆಕ್‌ಸಮ್ ಎಂಬ ಒಂದು ಉದ್ದದ ಸಂಖ್ಯೆಯೂ ಅಲ್ಲಿ ಇರುತ್ತಿತ್ತು. ಅದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಇದನ್ನೆಲ್ಲ ನೋಡಿಕೊಳ್ಳಲು ಮೌಸ್ ಒತ್ತಿ ಮಾಡುವ ಚಂದದ ಸಾಫ್ಟ್‌ವೇರ್ ಇರಲಿಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಟೈಪ್ ಮಾಡಬೇಕಿತ್ತು. ಲಿಸ್ಟ್ ಎಂದರೆ ವಿಳಾಸ ತೋರಿಸುತ್ತದೆ, ಕಾಪಿ ಎಂದರೆ ಇನ್ನೊಂದು ಊರಿಗೆ ಪ್ರತಿ ಕಳಿಸುತ್ತದೆ, ಡಿಲೀಟ್ ಎಂದರೆ ಅಳಿಸುತ್ತದೆ.

ಈ ಕಪ್ಪು ಪರದೆ ನನಗೆ ಒಗ್ಗಲಿಲ್ಲ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದರಲ್ಲಿ ಇಪ್ಪತ್ತೈದು ವರ್ಷ ಕಳೆದವನು ನಾನು. ಆದರೆ ಒಂದು ಕಮಾಂಡಿನಲ್ಲಿ ಮೂರು ಸಲ ತಪ್ಪು ಮಾಡುತ್ತಿದ್ದೆ. ಒಗ್ಗಿದ್ದು ನಾಗವೇಣಿಗೆ. ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದು, ಆಪರೇಟರ್ ಆಗಿ ನಮ್ಮಲ್ಲಿಗೆ ಬಂದ ಹೆಣ್ಣುಮಗಳು. ಮೂವತ್ತು ದಾಟಿರಲಿಲ್ಲ. ಆರು ತಿಂಗಳಲ್ಲಿ ಆ ಕಮಾಂಡುಗಳನ್ನು ಕೀಬೋರ್ಡ್ ನೋಡದೆ ಹೊಡೆಯುತ್ತಿದ್ದಳು. ಎಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ನಾಲ್ಕೂ ಕೇಂದ್ರಗಳಿಗೆ ಕಳಿಸಿದ್ದಳು. ಚನ್ನಗಿರಿಯ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ನಾನೇ ಕಿತ್ತೆ. "ಗೋಡೆ ಬಣ್ಣ ಹಾಳಾಗ್ತದೆ" ಎಂದು ನೆಪ ಹೇಳಿದೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ಆಗ ನಾನು ಒಪ್ಪುತ್ತಿರಲಿಲ್ಲ. ಶಿಸ್ತು ಎಂದುಕೊಂಡಿದ್ದೆ. ಅವಳ ಸಂದೇಶಗಳಲ್ಲಿ ಇಂಗ್ಲಿಷ್ ಸ್ಪೆಲಿಂಗ್ ತಪ್ಪಿದ್ದರೆ ತಿದ್ದಿ ಎಲ್ಲರಿಗೂ ಕಾಣುವಂತೆ ವಾಪಸ್ ಕಳಿಸುತ್ತಿದ್ದೆ. ಹೊನ್ನಾಳಿಯಲ್ಲಿ ನಡೆದ ಒಂದು ಮೀಟಿಂಗಿನಲ್ಲಿ ನಾನು ಏನೋ ವಿವರಿಸುತ್ತಿದ್ದಾಗ ಡಾಕ್ಟರ್ ಮೇಡಂ ನಡುವೆಯೇ, "ಒಂದು ಸಲ ನಾಗವೇಣಿಯವರನ್ನ ಕೇಳಿಬಿಡೋಣ" ಎಂದರು. ಅಷ್ಟೇ ಮಾತು. ಅವತ್ತು ಬಸ್ಸಿನಲ್ಲಿ ಚನ್ನಗಿರಿ ಬರುವವರೆಗೂ ಅದನ್ನೇ ಮೆಲುಕು ಹಾಕಿದೆ.

ಆ ವರ್ಷ ಮಳೆಗಾಲದ ಕೊನೆಗೆ ಹೊನ್ನಾಳಿಯ ಡಿಸ್ಕ್ ತುಂಬಿತು. ಹೊಸ ಚಿತ್ರಕ್ಕೆ ಜಾಗವಿಲ್ಲ. ಹೆಚ್ಚುವರಿ ಪ್ರತಿಗಳನ್ನು ಅಳಿಸಿ ಎಂದು ಮೇಡಂ ಹೇಳಿದರು. ನಾಗವೇಣಿ ನಮ್ಮ ವಾಟ್ಸಾಪ್ ಗ್ರೂಪಿಗೆ ಉದ್ದನೆಯ ಸಂದೇಶ ಹಾಕಿದಳು. ಮೊದಲ ಎರಡು ಸಾಲು ಓದಿದೆ: ತಾನು ಒಂದೊಂದನ್ನೂ ಪರೀಕ್ಷಿಸಿ ಅಳಿಸುತ್ತೇನೆ, ನಾಲ್ಕು ದಿನ ಬೇಕು ಎಂದಿತ್ತು. ಮುಂದಿನದನ್ನು ಓದಲಿಲ್ಲ. ಅವಳು ಬರೆದದ್ದು ಎಂಬುದೊಂದೇ ಕಾರಣ.

ಅವಳು ನಾಲ್ಕು ದಿನದಲ್ಲಿ ಮಾಡುವುದನ್ನು ನಾನು ಒಂದು ಬೆಳಿಗ್ಗೆಯಲ್ಲಿ ಮಾಡಿ ತೋರಿಸಬೇಕೆಂಬ ಹಟ ಹುಟ್ಟಿತು. ಡ್ರಾಯರ್‌ನಲ್ಲಿ ಮಡಿಸಿಟ್ಟಿದ್ದ ಅವಳದೇ ಹಾಳೆ ತೆಗೆದು, ಅದನ್ನೇ ನೋಡಿಕೊಂಡು ಕಮಾಂಡ್ ಬರೆದೆ. ಕ್ಯಾಟಲಾಗಿನಲ್ಲಿ ಮೂರು ವಿಳಾಸವಿರುವ ಹಳೆಯ ಚಿತ್ರಗಳ ಹೊನ್ನಾಳಿ ಪ್ರತಿಯನ್ನೆಲ್ಲ ಅಳಿಸು ಎಂದು. ಖಚಿತವೇ ಎಂದು ಕೇಳಿತು. ಹೌದು ಎಂದೆ. ಹತ್ತು ನಿಮಿಷದಲ್ಲಿ ಡಿಸ್ಕ್ ಅರ್ಧ ಖಾಲಿ. ಯಾರು ಮಾಡಿದ್ದೆಂದು ಯಾರೂ ಕೇಳಲಿಲ್ಲ. ನಾವೆಲ್ಲ ಒಂದೇ ಲಾಗಿನ್ ಬಳಸುತ್ತಿದ್ದೆವು. ಅಳಿಸುವ ಕೆಲಸ ನಾಗವೇಣಿಯದು, ಅವಳೇ ಮಾಡಿರಬೇಕು ಎಂದುಕೊಂಡು ಎಲ್ಲರೂ ಅವಳನ್ನೇ ಹೊಗಳಿದರು. ಅವಳದೇ ಹಾಳೆ ನೋಡಿಕೊಂಡು ಮಾಡಿದ್ದನ್ನು ನನ್ನದೆಂದು ಹೇಳಿಕೊಳ್ಳಲು ಅಭಿಮಾನ ಬಿಡಲಿಲ್ಲ, ಆ ಹೊಗಳಿಕೆ ಕೇಳಿಯೂ ನನಗೆ ಸಂಕಟವಾಯಿತು.

ಎರಡು ತಿಂಗಳ ನಂತರ ಬಿಳಿಚೋಡಿನ ಓಬಕ್ಕ ಎಂಬ ಕುರಿಗಾಹಿ ಹೆಂಗಸು ಜಗಳೂರು ಕೇಂದ್ರಕ್ಕೆ ಬಂದರು. ಓದುವ ಕನ್ನಡಕ ಬೇಕೆಂದು ಬಂದವರು. ಚಿತ್ರ ತೆಗೆದಾಗ ಎಡಗಣ್ಣಿನ ಒಳಪರದೆಯಲ್ಲಿ ಒಂದು ಕಪ್ಪು ಮಚ್ಚೆ ಕಂಡಿತು. ಇಂಥ ಮಚ್ಚೆ ಹಲವರಿಗೆ ಇರುತ್ತದೆ, ಇದ್ದಷ್ಟೇ ಇದ್ದರೆ ತೊಂದರೆಯಿಲ್ಲ. ಬೆಳೆಯುತ್ತಿದ್ದರೆ ಅದು ಕ್ಯಾನ್ಸರ್ ಇರಬಹುದು. ಬೆಳೆದಿದೆಯೋ ಇಲ್ಲವೋ ಹೇಳಬೇಕಾದರೆ ಹಳೆಯ ಚಿತ್ರ ಬೇಕು. ಹಿಂದಿನ ವರ್ಷ ಅವರ ಊರಿನಲ್ಲೇ ನಡೆಸಿದ ಶಿಬಿರದಲ್ಲಿ ಓಬಕ್ಕನ ಚಿತ್ರ ತೆಗೆದಿದ್ದೆವು. ಮಚ್ಚೆ ಆಗಲೂ ಇತ್ತು, ಗಮನಿಸಿ ಎಂದು ಮೇಡಂ ಷರಾ ಬರೆದಿದ್ದರು. ಅಳತೆ ಬರೆದಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಮೇಡಂ ಹೇಳಿದರೆ ಓಬಕ್ಕ ಒಪ್ಪಲಿಲ್ಲ. "ಬೆಳದೈತೆ ಅಂತ ತೋರ್ಸ್ರಿ, ಹೋಗ್ತೀನಿ. ಬರೀ ಅನುಮಾನಕ್ಕೆ ಕುರಿ ಬಿಟ್ಟು ಅಷ್ಟು ದೂರ ಹೋಗಾಕೆ ಆಗಲ್ರಿ" ಎಂದು ಎದ್ದೇಬಿಟ್ಟರಂತೆ.

ಮೇಡಂ ನನಗೆ ಫೋನ್ ಮಾಡಿದರು. ಲಿಸ್ಟ್ ಕಮಾಂಡ್ ಕೊಟ್ಟೆ. ಎರಡು ವಿಳಾಸ ಬಂತು: ಜಗಳೂರು, ಚನ್ನಗಿರಿ. ಜಗಳೂರಿನಲ್ಲಿ ಆ ಫೈಲೇ ಇಲ್ಲ. ನನ್ನ ಚನ್ನಗಿರಿಯ ಪ್ರತಿ ತೆರೆಯಿತು, ಆದರೆ ಮೇಲಿನ ಅರ್ಧ ಮಾತ್ರ, ಕೆಳಗೆ ಬೂದುಬಣ್ಣ. ಕಾಪಿ ಆಗುವಾಗ ಕರೆಂಟು ಹೋಗಿದ್ದಿರಬೇಕು. ಮಚ್ಚೆ ಇದ್ದದ್ದು ಕೆಳಗಿನ ಅರ್ಧದಲ್ಲಿ. ಮೂರನೆಯದು ಹೊನ್ನಾಳಿಯಲ್ಲಿತ್ತು. ಅದನ್ನು ನಾನು ಅಳಿಸಿದ್ದೆ, ಅದರ ಜಾಗದಲ್ಲಿ ಆಗಲೇ ಹೊಸ ಚಿತ್ರಗಳು ಕೂತಿದ್ದವು.

ಆಗ ನಾಗವೇಣಿಯ ಹಳೆಯ ಸಂದೇಶ ಹುಡುಕಿ ಪೂರ್ತಿ ಓದಿದೆ. ಜಗಳೂರಿನ ಡಿಸ್ಕ್ ಕೆಟ್ಟು ಹೋದ ವಾರ ಅಲ್ಲಿಯ ಅಂಗಡಿಯವರೇ ಬದಲಿಸಿದ್ದಾರೆ, ಕ್ಯಾಟಲಾಗಿನಲ್ಲಿ ಹಳೆಯ ವಿಳಾಸ ಹಾಗೇ ಉಳಿದಿದೆ, ಪರೀಕ್ಷಿಸದೆ ಯಾರೂ ಏನನ್ನೂ ಅಳಿಸಬೇಡಿ ಎಂದು ಸ್ಪಷ್ಟವಾಗಿ ಬರೆದಿದ್ದಳು.

ಚಿತ್ರ ಎಲ್ಲೂ ಸರಿಯಾಗಿಲ್ಲ, ಹೊನ್ನಾಳಿ ಪ್ರತಿ ಅಳಿಸಿಹೋಗಿದೆ ಎಂದಷ್ಟೇ ಮೇಡಂಗೆ ತಿಳಿಸಿದೆ. ಅವರು ಮತ್ತೆ ಫೋನ್ ಮಾಡಿ, "ನಾಗವೇಣಿ ಇಷ್ಟು ಅಜಾಗರೂಕತೆ ಮಾಡ್ತಾರೆ ಅಂದ್ಕೊಂಡಿರಲಿಲ್ಲ. ಈಗಷ್ಟೇ ಬೈದೆ" ಎಂದರು. ನಾನು ಹೂಂ ಎಂದೆ. ಬದುಕಿನಲ್ಲಿ ಅನೇಕ ಸಲ ಸುಳ್ಳು ಹೇಳಿದ್ದೇನೆ. ಆ ಹೂಂನಷ್ಟು ಕೀಳು ಸುಳ್ಳು ಇನ್ನೊಂದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅವಳು ಬೈಸಿಕೊಂಡಳು ಎಂದಾಗ ನನ್ನೊಳಗೆ ಒಂದು ಕ್ಷಣ ತಂಪೆನಿಸಿತು. ಮರುಕ್ಷಣವೇ ನನಗೆ ನನ್ನ ಬಗ್ಗೆ ಹೆದರಿಕೆಯಾಯಿತು.

ಮರುದಿನ ಮೊದಲ ಬಸ್ಸಿಗೆ ನ್ಯಾಮತಿಗೆ ಹೋದೆ. ನಾಗವೇಣಿ ಕೇಂದ್ರದ ಬಾಗಿಲು ತೆಗೆಯುತ್ತಿದ್ದಳು. ನಿಂತಲ್ಲೇ ಹೇಳಿದೆ: "ಹೊನ್ನಾಳಿ ಪ್ರತಿ ಅಳಿಸಿದ್ದು ನಾನಮ್ಮ."

"ಗೊತ್ತೈತೆ ಸರ್. ಯಾವ ಮಷೀನಿಂದ ಏನು ಮಾಡಿದ್ರು ಅಂತ ಬರ್ಕೊಳ್ಳೋ ಲಾಗ್ ಫೈಲಿನಲ್ಲಿ ಚನ್ನಗಿರಿ ಮಷೀನು ಅಂತ ಬಂದೈತೆ. ಪರೀಕ್ಷೆ ಮಾಡೇ ಅಳಿಸಿದ್ದೀರಿ ಅಂದ್ಕೊಂಡಿದ್ದೆ."

"ಮತ್ತೆ ಮೇಡಂಗೆ ಯಾಕೆ ಹೇಳಲಿಲ್ಲ?"

"ಮೊದ್ಲು ಫೋಟೋ ಸಿಗ್ಲಿ ಸರ್. ಜಗಳ ಆಡಾಕೆ ಆಮೇಲೂ ಟೈಮ್ ಐತೆ." ದನಿಯಲ್ಲಿ ಸಿಟ್ಟಿತ್ತು, ಮುಚ್ಚಿಡಲಿಲ್ಲ. "ಬರ್ರಿ ಒಳಗೆ."

ಜಗಳೂರಿನ ಕೆಟ್ಟ ಡಿಸ್ಕನ್ನು ಎಸೆಯದೆ ಅವಳು ತರಿಸಿ ಇಟ್ಟುಕೊಂಡಿದ್ದಳು. ಮೇಜಿನ ಮೇಲೆ ಅದು ಟಕಟಕ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಓದುತ್ತದೆ, ಬಿಸಿಯಾಗಿ ನಿಲ್ಲುತ್ತದೆ. ಓದಿದಷ್ಟರಲ್ಲೂ ಫೈಲುಗಳಿಗೆ ಹೆಸರಿಲ್ಲ. ಫೈಲುಗಳ ಹೆಸರು ಬರೆದಿಟ್ಟ ಭಾಗವೇ ಹಾಳಾಗಿತ್ತು.

"ಹೆಸರಿಲ್ದಿದ್ರೂ ನಡೀತದೆ ಸರ್. ಓಬಕ್ಕನ ಫೋಟೋದ ಚೆಕ್‌ಸಮ್ ಕ್ಯಾಟಲಾಗಿನಲ್ಲಿ ಐತಲ್ಲ. ಬಂದ ಫೈಲಿಗೆಲ್ಲ ಚೆಕ್‌ಸಮ್ ತೆಗೆದು ಹೊಂದಿಸಿ ನೋಡಾದು. ಆದ್ರೆ ಡಿಸ್ಕೇ ಓದ್ತಾ ಇಲ್ಲ. ಇದಕ್ಕೆ ಹೆಂಗೆ ಮಾಡಬೇಕೋ ನಂಗೆ ತಿಳೀವಲ್ದು."

ಅದು ನನಗೆ ತಿಳಿದ ಕೆಲಸ. ಡಿಸ್ಕನ್ನು ಕವಚದಿಂದ ಬಿಡಿಸಿ, ಟೇಬಲ್ ಫ್ಯಾನಿನ ಗಾಳಿಗಿಟ್ಟು, ಹದಿನೈದು ನಿಮಿಷ ಓದಿಸಿ ಅರ್ಧ ಗಂಟೆ ಆರಿಸಿದೆ. ಕೆಟ್ಟ ಜಾಗದಲ್ಲಿ ಹಟ ಮಾಡದೆ ದಾಟಿಸಿ, ಹಿಂದಿನಿಂದ ಮುಂದಕ್ಕೆ ಓದಿಸಿದೆ. "ಹಿಂಗೂ ಓದಿಸಬಹುದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಸರ್" ಎಂದಳು ನಾಗವೇಣಿ. ಅಂಥ ಹೊತ್ತಿನಲ್ಲೂ ಆ ಮಾತು ನನಗೆ ಸಿಹಿಯಾಗಿ ಕೇಳಿಸಿತು. ಇಷ್ಟು ದಿನ ನಾನು ಹಸಿದಿದ್ದದ್ದು ಇಂಥ ಒಂದು ಮಾತಿಗೆ ಎಂದು ತಿಳಿದು ನಾಚಿಕೆಯಾಯಿತು.

ಡಿಸ್ಕ್ ಮೊದಲ ಸಲ ಆರುತ್ತಿದ್ದಾಗ ಅವಳ ಎದುರಿನಲ್ಲೇ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಚಿತ್ರ ಸಿಕ್ಕ ಮೇಲೆ ಹೇಳಿದರೆ ಅದು ಒಪ್ಪಿಕೊಂಡಂತಾಗುವುದಿಲ್ಲ, ಬಹುಮಾನ ಕೇಳಿದಂತಾಗುತ್ತದೆ ಅನ್ನಿಸಿತ್ತು. ಮೇಡಂ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಫೋನ್ ನಾಗವೇಣಿಯವರಿಗೆ ಕೊಡಿ" ಎಂದರು. ಏನೆಂದರೋ ನನಗೆ ಕೇಳಿಸಲಿಲ್ಲ. "ಇರ್ಲಿ ಬಿಡ್ರಿ ಮೇಡಂ" ಎಂದು ಅವಳು ಹೇಳಿದ್ದು ಮಾತ್ರ ಕೇಳಿಸಿತು. ಫೋನ್ ನನಗೆ ಕೊಡುವಾಗ ಕಣ್ಣು ಒರೆಸಿಕೊಂಡಳು.

ಎರಡನೆಯ ದಿನ ಮಧ್ಯಾಹ್ನ, ಹೆಸರಿಲ್ಲದ ಸಾವಿರಾರು ಫೈಲುಗಳ ನಡುವೆ ಒಂದರ ಚೆಕ್‌ಸಮ್ ತಾಳೆಯಾಯಿತು. ನಾಗವೇಣಿ ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು, ನಾನು ಕ್ಯಾಟಲಾಗಿನ ಸಂಖ್ಯೆಗೆ ಬೆರಳಿಟ್ಟು ನೋಡುತ್ತಾ ಹೋದೆ. ಒಂದು ಅಂಕಿಯೂ ತಪ್ಪಲಿಲ್ಲ. ಚಿತ್ರ ತೆರೆದೆವು. ಕೆಂಪು ಪರದೆಯ ಕೆಳಭಾಗದಲ್ಲಿ ರಾಗಿಕಾಳಿನಷ್ಟು ಮಚ್ಚೆ.

ಹೊಸ ಚಿತ್ರದಲ್ಲಿ ಅದು ಹೆಚ್ಚೂಕಡಿಮೆ ಎರಡರಷ್ಟಾಗಿತ್ತು. ಜಗಳೂರಿನಲ್ಲಿ ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಓಬಕ್ಕ ಬಗ್ಗಿ ನೋಡಿ, "ಬೆಳದೈತ್ರಿ. ಕುರಿ ನಮ್ಮಣ್ಣಗೆ ಒಪ್ಪಿಸ್ತೀನಿ, ಯಾವತ್ತು ಹೋಗಾಣ ಹೇಳ್ರಿ" ಎಂದರಂತೆ. ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದೇ ತೀರ್ಮಾನವಾಯಿತು. ಇನ್ನೂ ಕಣ್ಣಿನಿಂದ ಆಚೆ ಹರಡಿರಲಿಲ್ಲ. ಆ ಕಣ್ಣಿನ ದೃಷ್ಟಿ ಬಹುಪಾಲು ಹೋಯಿತು, ಜೀವ ಉಳಿಯಿತು. ಈಗಲೂ ಕುರಿ ಕಾಯುತ್ತಾರೆ.

ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ವಸ್ತು ಇದೆ ಎಂದಲ್ಲ. ತೆರೆದು ನೋಡಿದ ಪ್ರತಿ ಮಾತ್ರ ಪ್ರತಿ. ವೃತ್ತಿ ನನಗೆ ಕಲಿಸಿದ ಪಾಠ ಇದು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಪಾಠ ನಾಗವೇಣಿಗೆ ಮೊದಲೇ ಗೊತ್ತಿತ್ತು, ಬರೆದೂ ಇದ್ದಳು. ನನಗೆ ಕೊರತೆಯಿದ್ದದ್ದು ಜ್ಞಾನದಲ್ಲಲ್ಲ. ನನಗಿಂತ ಚೆನ್ನಾಗಿ ಬಲ್ಲವರು ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದುವ ಸೈರಣೆಯಲ್ಲಿ.

ನಿವೃತ್ತಿಯ ಹೊತ್ತಿಗೆ ನನ್ನ ಜಾಗಕ್ಕೆ ಯಾರು ಎಂದು ಮೇಡಂ ಕೇಳಿದರು. ನಾಗವೇಣಿಯ ಹೆಸರು ಬರೆದೆ. ಬರೆಯುವಾಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತಿತ್ತು. ಉರಿಯಲಿ ಎಂದು ಸಹಿ ಹಾಕಿದೆ.