ಹುಳದ ಮೆಷಿನ್ನು ಮನೆ ಬದಲಾಯಿಸಿದ್ದು

ಜಮೀನು ಪಾಲಾಗುವುದನ್ನು ನೋಡಿದ್ದೇನೆ. ಹಸು, ಹಿತ್ತಲು, ಹಂಡೆ ಪಾಲಾಗುವುದನ್ನೂ ನೋಡಿದ್ದೇನೆ. ಆದರೆ ಕಂಪ್ಯೂಟರಿನ ಮೆಮೊರಿಯನ್ನು ಎಲೆ ಅಡಿಕೆ ಮುಂದಿಟ್ಟುಕೊಂಡು ಪಾಲು ಮಾಡಿದ್ದನ್ನು ಕಂಡವಳು ಬಹುಶಃ ನಾನೊಬ್ಬಳೇ ಇರಬೇಕು. ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ.

ಕೊಳ್ಳೇಗಾಲದಲ್ಲಿ ರೇಷ್ಮೆ ಬೆಳೆಗಾರರ ಒಂದು ಸಣ್ಣ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಸಂಘಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಒಂದೊಂದು ಚಾಕಿ ಕೇಂದ್ರ ಇದೆ. ಮೊಟ್ಟೆಯೊಡೆದು ಬಂದ ಹುಳುಗಳನ್ನು ಎರಡನೇ ಜ್ವರ ದಾಟುವ ತನಕ ಬೆಚ್ಚಗೆ ಸಾಕಿ ರೈತರ ಕೈಗೆ ಕೊಡುವ ಜಾಗ ಅದು. ಹುಳು ಪೊರೆ ಬಿಡುವ ಹೊತ್ತಿಗೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಶಾಖ ಹೆಚ್ಚುಕಡಿಮೆಯಾಗಬಾರದು, ಬೆಳಕು ಬೀಳಬಾರದು, ಯಾರೂ ಮುಟ್ಟಬಾರದು. ಕೋಣೆಯ ಶಾಖವನ್ನೂ ತೇವವನ್ನೂ ಕಾಯಲು ಕೇಂದ್ರಕ್ಕೊಂದರಂತೆ ಮೂರು ಕಂಪ್ಯೂಟರುಗಳಿದ್ದವು. ಇದ್ದವು ಎನ್ನುವುದು ಮಾತಿಗೆ. ನಿಜವಾಗಿ ಇದ್ದದ್ದು ಕೊಳ್ಳೇಗಾಲದ ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದೇ ಸರ್ವರ್. ಅದರ ಹೊಟ್ಟೆಯೊಳಗೆ ಮೂರೂ ತಾವು ಬೇರೆ ಬೇರೆ ಎಂದು ನಂಬಿಕೊಂಡು ಓಡುತ್ತಿದ್ದವು. ಇಂಥವಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು.

ಆ ಸರ್ವರ್ ಮುದಿಯಾಗಿತ್ತು. ಹೊಸದು ಬಂತು. ಮೂರು ಮೆಷಿನ್ನುಗಳನ್ನೂ ನಿಲ್ಲಿಸದೆ, ಓಡುತ್ತಿರುವಾಗಲೇ ಹಳೆಯದರಿಂದ ಹೊಸದಕ್ಕೆ ದಾಟಿಸಬೇಕಿತ್ತು. ನಿಲ್ಲಿಸಿದರೆ ಹೀಟರಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಹೊಸದರಲ್ಲಿ ಮೆಮೊರಿ ಜಾಸ್ತಿ ಇತ್ತು. ಅದರಲ್ಲಿ ಯಾರಿಗೆ ಎಷ್ಟು ಎಂದು ನಾನು ಒಂದು ಲೆಕ್ಕ ಹಾಕಿಟ್ಟಿದ್ದೆ. ಕೆಲಸ ಇದ್ದಷ್ಟು ಪಾಲು. ಹನೂರಿನಲ್ಲಿ ಹುಳು ಜಾಸ್ತಿ, ಹಾಗಾಗಿ ಅದಕ್ಕೆ ಜಾಸ್ತಿ. ಮಕ್ಕಳಿಗೂ ಅರ್ಥವಾಗುವ ಮಾತು. ನಿರ್ದೇಶಕರಿಗೆ ಆಗಲಿಲ್ಲ.

"ಅದೆಂಗಮ್ಮ ನೀನೊಬ್ಳೇ ಪಾಲು ಮಾಡ್ಬುಟ್ಟೆ?" ಎಂದರು ಕೊಳ್ಳೇಗಾಲದವರಾದ ಅಧ್ಯಕ್ಷರು. "ಪಾಲು ಅಂದ್ಮ್ಯಾಲೆ ಅದ್ಕೊಂದು ಪದ್ಧತಿ ಇಲ್ವಾ? ಹಿರಿಯ ಪಾಲು ಮಾಡ್ಬೇಕು, ಕಿರಿಯ ಮೊದ್ಲು ಆರಿಸ್ಕಬೇಕು."

ಹಿರಿಯರು ಯಾರೆಂಬ ತಕರಾರು ಏಳಲಿಲ್ಲ, ಅವರೇ. ಕಿರಿಯರು ಯಾರೆಂಬುದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. "ನಾವು ಮೊನ್ನೆ ಮೊನ್ನೆ ತಾಲ್ಲೂಕಾದವ್ರು ಸಾ, ನಾವೇ ಕಿರಿಯರು," ಎಂದರು ಹನೂರಿನ ನಿರ್ದೇಶಕರು. "ನಮ್ ತಾಲ್ಲೂಕು ಅಂಗೈ ಅಗ್ಲ ಅದೆ. ಇದ್ಕಿಂತ ಚಿಕ್ಕದು ಎಲ್ಲದೆ ತೋರ್ಸಿ, ನೋಡ್ಮ," ಎಂದರು ಯಳಂದೂರಿನವರು. ಬೇರೆ ದಿನ ಯಾರಾದರೂ ಚಿಕ್ಕವರು ಅಂದಿದ್ದರೆ ಪಂಚೆ ಎತ್ತಿ ಕಟ್ಟಿ ಜಗಳಕ್ಕೆ ನಿಲ್ಲುವ ಇಬ್ಬರು ಅಂದು ಚಿಕ್ಕವರಾಗಲು ಗಂಟಲು ಹರಿದುಕೊಂಡರು. ಕೊನೆಗೆ ಸಮಪಾಲು ಎಂದು ತೀರ್ಮಾನವಾಯಿತು. ಮೇಲೆ ಒಂದಿಷ್ಟು ಹಿರಿಯಣ್ಣನ ಪಾಲು ಎಂದು ಕೊಳ್ಳೇಗಾಲಕ್ಕೆ ಹೋಯಿತು. ಒಂದು ಹನಿಯೂ ಉಳಿಯಲಿಲ್ಲ.

"ಸಾರ್, ಸರ್ವರಿಗೇ ಅಂತ ಒಸಿ ಉಳಿಸ್ಬೇಕು," ಎಂದೆ. "ಮೂವರ್ನೂ ಒತ್ಕಂಡಿರೋದು ಅದು. ಅದ್ಕೇ ಇಲ್ದಿದ್ರೆ ಉಸ್ರು ಕಟ್ತದೆ."

"ಅಂದ್ರೆ ಅವ್ವನ ಪಾಲು ಅನ್ನು," ಎಂದರು ಅಧ್ಯಕ್ಷರು ತಲೆದೂಗುತ್ತ. "ಅವ್ವಂಗೆ ಬ್ಯಾರೆ ಪಾಲು ಯಾಕಮ್ಮ? ಸರದಿ ಮ್ಯಾಲೆ ನೋಡ್ಕಳದಪ್ಪ. ಒಂದು ತಿಂಗ್ಳು ನಾವು ಬುಟ್ಕೊಡ್ತೀವಿ, ಒಂದು ತಿಂಗ್ಳು ಅನೂರು, ಒಂದು ತಿಂಗ್ಳು ಯಳಂದೂರು. ಒಂದನೇ ತಾರೀಕ್ನಿಂದ ಸುರು."

ಎಲ್ಲರೂ ಎಲೆ ಅಡಿಕೆ ಹಾಕಿಕೊಂಡರು. ಮಾತು ಮುಗಿಯಿತು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಗೋಡೆ ಸಂಘದ್ದು ಎಂದು ಬಿಟ್ಟೆ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹಳೆಯ ಸರ್ವರಿನ ಫ್ಯಾನು ಕಟಕಟ ಎನ್ನತೊಡಗಿತು. ಇನ್ನು ಕಾಯುವಂತಿರಲಿಲ್ಲ. ಸುದ್ದಿ ಹೋದದ್ದೇ ತಡ ಮೂವರೂ ಹಾಜರಾದರು. ಹೊಸ ಮನೆಗೆ ಹಾಲು ಉಕ್ಕಿಸದೆ ಹೋಗುವುದುಂಟೇ ಎಂದು ಅಧ್ಯಕ್ಷರು ಕರೆಂಟ್ ಒಲೆಯನ್ನೂ ತಂದಿದ್ದರು. ಅದನ್ನು ಸರ್ವರಿನ ಯುಪಿಎಸ್‌ಗೇ ಸಿಕ್ಕಿಸಲು ಹೊರಟವರನ್ನು ಅಡ್ಡ ನಿಂತು ತಡೆದೆ. ಹಾಲು ಕೊನೆಗೆ ಎದುರಿನ ಟೀ ಅಂಗಡಿಯಲ್ಲಿ ಉಕ್ಕಿತು. ಉಕ್ಕಿದ್ದನ್ನು ಯಳಂದೂರಿನವರು ಸಾಕ್ಷಿಯಾಗಿ ನೋಡಿಕೊಂಡು ಬಂದರು.

ಅಷ್ಟರಲ್ಲಿ ಹನೂರು ಕಡೆಯ ಶಾಗ್ಯದಿಂದ ಒಬ್ಬ ದೊಡ್ಡವ್ವ ಬಂದು ಬಾಗಿಲ ಬಳಿ ಕೂತಳು. ಅವಳ ಹುಳು ಹನೂರಿನ ಕೇಂದ್ರದಲ್ಲಿತ್ತು. ಹುಳದ ಮೆಷಿನ್ನು ಮನೆ ಬದಲಾಯಿಸುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಸ್ಸು ಹತ್ತಿ ನೇರ ಬಂದಿದ್ದಳು.

"ಎಲ್ಡನೇ ಜ್ವರಕ್ಕೆ ಕುಂತವ್ವೆ ಕಣವ್ವ. ಇವತ್ತೇ ಮಾಡ್ಬೇಕಾ?" ಎಂದು ಕೇಳಿದಳು. ಬೇರೆ ದಾರಿಯಿಲ್ಲ ಎಂದೆ. ಆಗ ತನ್ನ ಕಥೆ ಹೇಳಿದಳು. ಗಂಡ ತೀರಿಹೋದ ಮೇಲೆ ಇಬ್ಬರು ಗಂಡುಮಕ್ಕಳು ಬೇರೆಯಾಗಿ, ಇವಳನ್ನು ತಿಂಗಳಿಗೊಬ್ಬರಂತೆ ಹಂಚಿಕೊಂಡಿದ್ದರು. ಸೀರೆ ಗಂಟು ಹೊತ್ತು ಅಲ್ಲಿಂದಿಲ್ಲಿಗೆ ತಿರುಗಿ ಸಾಕಾಗಿ, ಈಗ ತವರಿನ ಅಣ್ಣ ಬಿಟ್ಟುಕೊಟ್ಟ ತುಂಡು ನೆಲದಲ್ಲಿ ಹಿಪ್ಪುನೇರಳೆ ಹಾಕಿ, ಪಕ್ಕದಲ್ಲೇ ಒಂದು ಕೋಣೆ ಕಟ್ಟಿಕೊಂಡು ತನ್ನದೇ ಒಲೆ ಹಚ್ಚಿದ್ದಳು. "ಇದು ನನ್ ಮೊದಲ್ನೇ ಬೆಳೆ. ಆಗ್ದೇ ಓದ್ರೆ ಸುಮ್ಕೆ ಬಂದ್ಬುಡು ಅಂದವ್ರೆ ಮಕ್ಳು. ಮತ್ತೆ ಗಂಟು ಕಟ್ಟೋಕೆ ನನ್ ಕೈಲಾಗಲ್ಲ ಕಣವ್ವ." ಅಲ್ಲಿಯವರೆಗೆ ನನಗೆ ಅದು ಮೂರು ಮೆಷಿನ್ನುಗಳ ಕೆಲಸವಾಗಿತ್ತು.

ಕೊಳ್ಳೇಗಾಲದ ಮೆಷಿನ್ನು ದಾಟಿತು. ಯಳಂದೂರಿನದೂ ದಾಟಿತು. ಹನೂರಿನದು ಸಿಕ್ಕಿಹಾಕಿಕೊಂಡಿತು. ಓಡುವ ಮೆಷಿನ್ನನ್ನು ದಾಟಿಸುವುದೆಂದರೆ ಅದರ ಮೆಮೊರಿಯನ್ನು ಅಲ್ಲಿಂದ ಇಲ್ಲಿಗೆ ನಕಲು ಮಾಡುವುದು. ನಕಲಾಗುವಷ್ಟರಲ್ಲಿ ಬದಲಾದದ್ದನ್ನು ಮತ್ತೆ ನಕಲು ಮಾಡಬೇಕು. ಬಾಕಿ ತೀರಾ ಕಡಿಮೆಯಾದಾಗ ಹಳೆಯ ಕಡೆ ಕಣ್ಣು ಮುಚ್ಚಿ ಹೊಸ ಕಡೆ ತೆರೆಯುತ್ತದೆ. ಆದರೆ ಹನೂರಿನದರಲ್ಲಿ ಬಾಕಿ ಕಡಿಮೆಯಾಗುತ್ತಲೇ ಇರಲಿಲ್ಲ. ನಾನು ಅಂಗಳ ಗುಡಿಸುತ್ತಿದ್ದರೆ ಹಿಂದೆಯೇ ಯಾರೋ ಕೂತು ಕಡಲೆಕಾಯಿ ಸಿಪ್ಪೆ ಎಸೆಯುತ್ತಿದ್ದಂತಿತ್ತು.

"ಈಗ ಎಲ್ಲದೆ ನಮ್ ಮೆಷಿನ್ನು?" ಎಂದಳು ದೊಡ್ಡವ್ವ.

"ಅಲ್ಲೂ ಅದೆ, ಇಲ್ಲೂ ಅದೆ."

"ಅಂಗಂದ್ರೆ ಎಲ್ಲೂ ಇಲ್ಲ ಅಂತ," ಎಂದಳು.

ಇಷ್ಟೊಂದು ಏನು ಕೆಲಸ ಮಾಡುತ್ತಿದೆ ಎಂದು ಹನೂರಿನ ಪರದೆ ತೆರೆದೆ. ಹುಳದ ಕೋಣೆಯಲ್ಲಿದ್ದ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ರೆಕಾರ್ಡ್ ಮಾಡುತ್ತಿದ್ದವು. ಕ್ಯಾಮೆರಾಗಳಿಗೆ ಚೆನ್ನಾಗಿ ಕಾಣಲೆಂದು ಕೋಣೆಯ ಎಲ್ಲ ಲೈಟುಗಳನ್ನೂ ಹಾಕಿದ್ದರು. ತಟ್ಟೆಗಳ ಮೇಲೆ ಮದುವೆ ಮನೆಯ ಬೆಳಕು. ಜ್ವರಕ್ಕೆ ಕೂತ ಹುಳುಗಳು ಅಲ್ಲಲ್ಲಿ ಮಿಸುಕಾಡುತ್ತಿದ್ದವು. ನನ್ನ ಹೆಗಲ ಮೇಲಿಂದ ನೋಡಿದ ದೊಡ್ಡವ್ವ ಕೂಗಿಕೊಂಡಳು. "ಅಯ್ಯೋ! ಯಾವನ್ಲಾ ಅವನು, ಜ್ವರದಾಗಿರೋವಕ್ಕೆ ದೀಪ ಆಕ್ದವನು?"

ಹನೂರಿನ ನಿರ್ದೇಶಕರು ಮೆಲ್ಲಗೆ ಕೆಮ್ಮಿದರು. "ನಾನೇ ಏಳಿದ್ದೆ ಕಣವ್ವ. ಮೆಷಿನ್ಗೆ ಕೆಲ್ಸ ಜಾಸ್ತಿ ಅಂತ ಕಾಣ್ಲಿ ಅಂತವ. ಕೆಲ್ಸ ಇದ್ದಷ್ಟು ಪಾಲು ಅಂತ ಈ ಮೇಡಮ್ಮೇ ಏಳಿದ್ರಲ್ಲ." ಅಂದು ಸಭೆಯಲ್ಲಿ ನನ್ನ ಮಾತಿಗೆ ಕಿವಿಗೊಟ್ಟವರು ಅವರೊಬ್ಬರೇ ಎಂದು ಆಗ ಗೊತ್ತಾಯಿತು.

ದೊಡ್ಡವ್ವ ಅವರ ಎದುರು ಹೋಗಿ ನಿಂತಳು. "ಪೋನ್ ಮಾಡು ಕಣ್ಲಾ," ಎಂದಳಷ್ಟೆ. ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದ ಮನುಷ್ಯ ಫೋನ್ ತೆಗೆದು, "ಲೇ, ಎಲ್ಲಾನೂ ಆರಿಸ್ರಲಾ, ಬ್ಯಾಗ," ಎಂದರು. ಪರದೆ ಕತ್ತಲಾಯಿತು. ಬಾಕಿ ಇಳಿಯತೊಡಗಿತು. ಆದರೆ ಇನ್ನೇನು ಮುಗಿಯಬೇಕು ಎನ್ನುವಾಗ ಹೊಸ ಸರ್ವರೇ ಏದುಸಿರು ಬಿಡತೊಡಗಿತು. ಅದಕ್ಕೆಂದು ಏನೂ ಉಳಿದಿರಲಿಲ್ಲವಲ್ಲ. ಹಳೆಯದರ ಫ್ಯಾನು ಒಮ್ಮೆ ನಿಂತು ಮತ್ತೆ ತಿರುಗಿತು.

"ಯಾರಾದ್ರೂ ಒಬ್ರು ಬುಟ್ಕೊಡಿ ಸಾರ್, ಈಗ್ಲೇ," ಎಂದೆ. ಅಧ್ಯಕ್ಷರು ಸೂರು ನೋಡಿದರು. ಯಳಂದೂರಿನವರು ತಮ್ಮ ಚಪ್ಪಲಿ ನೋಡಿಕೊಂಡರು.

"ಇವತ್ತು ಯಾರ ಸರದಿ?" ಎಂದು ದೊಡ್ಡವ್ವ ಕೇಳಿದಳು. ಬಾಗಿಲಲ್ಲಿ ಕೂತು ನಮ್ಮ ಮಾತು ಕೇಳುತ್ತಿದ್ದ ಅವಳಿಗೆ ಅವ್ವನ ಪಾಲಿನ ಕಥೆಯೆಲ್ಲ ಅರ್ಥವಾಗಿಬಿಟ್ಟಿತ್ತು. ಅಂಥ ಸರದಿ ಅವಳಿಗೆ ಹೊಸದೇನಲ್ಲ.

"ಇವತ್ತು ಯಾರ್ದೂ ಇಲ್ಲ ಕಣವ್ವ. ಒಂದನೇ ತಾರೀಕ್ನಿಂದ ನಮ್ದು," ಎಂದರು ಅಧ್ಯಕ್ಷರು.

"ನಾಳೆ ಗಂಟ ಅವ್ವ ಉಪಾಸ ಇರ್ಬೇಕೇನಪ್ಪ?"

ಮೂವರಿಗೂ ತಾಯಂದಿರಿದ್ದರು, ಅಥವಾ ಇದ್ದು ಹೋಗಿದ್ದರು. ಅಧ್ಯಕ್ಷರ ಮುಖ ಸಣ್ಣದಾಯಿತು. "ಆ ಹಿರಿಯಣ್ಣನ ಪಾಲು ತಕಂಡು ಅವ್ಳಿಗೇ ಮಡಗ್ಬುಡಮ್ಮ. ಸರದಿಗಿರದಿ ಬ್ಯಾಡ," ಎಂದರು. ತಕ್ಷಣ ಯಳಂದೂರಿನವರು, "ನಮ್ದೂ ಒಸಿ ತಕಳಿ," ಎಂದರು. ಹನೂರಿನವರು, "ನಾವೇನು ಕಮ್ಮಿನಾ? ಅವ್ರಿಗಿಂತ ಜಾಸ್ತಿ ತಕಳಿ," ಎಂದರು. ಯಾರು ಹೆಚ್ಚು ಕೊಡಬೇಕೆಂದು ಮತ್ತೊಂದು ಪಂಚಾಯಿತಿ ಶುರುವಾಗುವ ಮೊದಲೇ ನಾನು ಮೂವರದ್ದನ್ನೂ ಒಂದಿಷ್ಟು ಕಡಿತ ಮಾಡಿದೆ. ಸರ್ವರ್ ಉಸಿರಾಡಿತು. ಹನೂರಿನ ಮೆಷಿನ್ನು ದಾಟಿತು.

"ಆಯ್ತು," ಎಂದೆ.

"ಏನಾಯ್ತು?" ಎಂದರು ಅಧ್ಯಕ್ಷರು. "ಏನೂ ಕಾಣ್ಲೇ ಇಲ್ವಲ್ಲಮ್ಮ. ಇಷ್ಟಕ್ಕೆ ಆಲು ಉಕ್ಕಿಸಿದ್ವಾ?" ಅವರಿಗೆ ಬಹಳ ನಿರಾಸೆಯಾಗಿತ್ತು.

ದೊಡ್ಡವ್ವ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಮೆಷಿನ್ನು ದಾಟಿದ್ದು ಅವಳಿಗೆ ಮುಖ್ಯವಲ್ಲ, ಹುಳು ಜ್ವರ ಬಿಟ್ಟು ಏಳಬೇಕಿತ್ತು. ಜ್ವರದಲ್ಲಿ ಕದಡಿದ ಹುಳು ಎಷ್ಟೋ ಸಲ ಏಳುವುದೇ ಇಲ್ಲ. ಅವಳು ಅಂದೇ ಹನೂರಿಗೆ ಹೋಗಿ ಕೇಂದ್ರದಲ್ಲೇ ಉಳಿದಳು. ನನಗೂ ಮನೆಯಲ್ಲಿ ಊಟ ಸೇರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋಗದೆ ಹನೂರಿನ ಬಸ್ಸು ಹತ್ತಿದೆ.

ಕೋಣೆಯ ಬಾಗಿಲಲ್ಲೇ ಅವಳು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಒಳಗೆ ಮಬ್ಬು ಬೆಳಕು, ಬೆಚ್ಚಗಿನ ತೇವ, ಸೊಪ್ಪಿನ ವಾಸನೆ. ಬಗ್ಗಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಹುಳು ತಲೆ ಆಡಿಸಿತು, ಅದರ ಪಕ್ಕದ್ದು, ಅದರಾಚೆಯದ್ದು. ಮೂಲೆಯ ಒಂದು ತಟ್ಟೆಯಲ್ಲಿ ಮಾತ್ರ ಹಲವು ಇನ್ನೂ ಹಾಗೇ ಕೂತಿದ್ದವು. "ಅವು ಸತ್ತೋದ್ವು," ಎಂದಳು ದೊಡ್ಡವ್ವ. "ಮಿಕ್ಕಿದ್ದು ಎದ್ವು ಕಣವ್ವ. ಬೆಳೆ ಆಯ್ತದೆ." ನನಗೆ ಅಳು ಬಂತು. ಮೆಮೊರಿ ಹಂಚುವ ಕೆಲಸದಲ್ಲಿ ಯಾರೂ ಅಳುವುದಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ಅವಳ ಸೆರಗಿನ ಗಂಟಿನಲ್ಲಿದ್ದ ಫೋನು ಹೊಡೆದುಕೊಂಡಿತು. ದೊಡ್ಡ ಮಗ. ಅವಳು ಬೇರೆ ಒಲೆ ಹಚ್ಚಿದ್ದರೂ ಅವನು ಸರದಿಯ ಲೆಕ್ಕ ಬಿಟ್ಟಿರಲಿಲ್ಲ. ಇವತ್ತು ಒಂದನೇ ತಾರೀಕು, ತನ್ನ ಸರದಿ, ಯಾವಾಗ ಬರುತ್ತೀಯ ಎಂದು ಕೇಳುತ್ತಿದ್ದುದು ನನಗೂ ಕೇಳಿಸಿತು.

"ಬತ್ತೀನಿ ಕಣ್ಲಾ, ಬೆಳೆ ಮಾರ್ಕಂಡು, ನೆಂಟ್ರು ಬಂದಂಗೆ ಬತ್ತೀನಿ," ಎಂದಳು ದೊಡ್ಡವ್ವ. "ಉಂಡ್ಬುಟ್ಟು ಸಂಜೆಗೆ ನಮ್ಮನೆಗೆ ಓಯ್ತೀನಿ."