ತಪಾಸಣೆಗೆ ಸಿಕ್ಕ ಕಾದಂಬರಿ

ಚುನಾವಣೆಯ ದಿನಗಳು. ನಾನೇ ಬರೆದು ನಾನೇ ಅಚ್ಚು ಹಾಕಿಸಿದ ಕಾದಂಬರಿಯ ಪ್ರತಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ರಾಯಚೂರಿನಿಂದ ಮಾನ್ವಿಗೆ ಹೊರಟಿದ್ದೆ. ಚೆಕ್‌ಪೋಸ್ಟಿನಲ್ಲಿ ಮಹಿಳಾ ಪೇದೆಯೊಬ್ಬರು ಗಂಟು ಬಿಚ್ಚಿಸಿದರು.

"ಯಾವ ಪಕ್ಷದ್ದುರೀ ಇವು?"

"ಯಾವ ಪಕ್ಷದ್ದೂ ಅಲ್ರೀ, ಕಾದಂಬರಿ. ನಾನೇ ಬರದೀನಿ."

ಅವರು ನಂಬದೆ ನಡುವಿನ ಪುಟವೊಂದನ್ನು ತೆರೆದು ನಿಂತಲ್ಲೇ ಓದತೊಡಗಿದರು. ಅದು ನಾನು ಪುಢಾರಿಯೊಬ್ಬನನ್ನು ಗೇಲಿ ಮಾಡಿದ್ದ ಅಧ್ಯಾಯ. ಪುಸ್ತಕವೂ ಹೋಯಿತು, ನಾನೂ ಹೋದೆ ಅಂದುಕೊಂಡೆ. ಆದರೆ ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಇಂವ ಯಾರ್ರೀ?"

"ಬರೇ ಕಲ್ಪನಾರೀ."

"ನನಗ ಹೇಳಬ್ಯಾಡ್ರಿ. ದಿನಾ ಇವಗ ಸೆಲ್ಯೂಟ್ ಹೊಡಿಯಾಕತ್ತೀನಿ. ತಪಾಸಣಿ ಇನ್ನೂ ಮುಗಿದಿಲ್ಲ, ಒಂದು ಇಲ್ಲೇ ಇರ್ಲಿ. ನೀವು ನಡೀರಿ."

ಇಂಥ ಕಾಲದಲ್ಲಿ ಕಾದಂಬರಿ ಯಾರು ಓದುತ್ತಾರೆ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಪೊಲೀಸರು ಓದುತ್ತಾರೆ, ಅದೂ ಡ್ಯೂಟಿಯ ಮೇಲೆ.